ಮಂಟಪದ ಬೀದಿಯ ಕೆಂಪು ಬಾಣಗಳು

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಗಿಡದ ಬಗ್ಗೆ ಮಾತ್ರ ಹೇಳಿ ಸುಮ್ಮನಾದರು. ಹಿತ್ತಲ ಕಲ್ಲಿನ ಬಗ್ಗೆ ಹೇಳುವ ಕೆಲಸ ನನ್ನ ಪಾಲಿಗೆ ಉಳಿದಿದೆ. ಬಸವನಗುಡಿಯಲ್ಲಿ ಹುಟ್ಟಿದವರು ಬೇಲೂರು ನೋಡಿರುತ್ತಾರೆ, ಬಾದಾಮಿ ನೋಡಿರುತ್ತಾರೆ, ಕಾಶಿಗೆ ಹೋಗಿ ಅಲ್ಲಿ ಬದನೆಕಾಯಿ ಬಿಟ್ಟು ಬಂದಿರುತ್ತಾರೆ. ಆದರೆ ಆಟೋದವನು "ಅಷ್ಟು ಹತ್ತಿರಕ್ಕೆಲ್ಲ ಬರಲ್ಲ" ಎನ್ನುವ ದೂರದಲ್ಲಿರುವ ಮಂಟಪವನ್ನು ಮಾತ್ರ ನೋಡಿರುವುದಿಲ್ಲ. ಅದೆಲ್ಲಿಗೆ ಓಡಿಹೋಗುತ್ತದೆ, ಇನ್ನೊಂದು ದಿನ ನೋಡಿದರಾಯಿತು ಎಂಬ ಧೈರ್ಯ. ಮಂಟಪಕ್ಕೂ ಇವರ ಬಗ್ಗೆ ಅದೇ ಧೈರ್ಯ.

ನಮ್ಮ ಶೀನಣ್ಣ ಇಂಥ ಧೈರ್ಯಶಾಲಿಗಳಲ್ಲಿ ಅಗ್ರಗಣ್ಯ. ಗಾಂಧಿ ಬಜಾರಿನ ಹಿಂಬದಿಯಲ್ಲಿ ಮನೆ, ಸಹಕಾರಿ ಬ್ಯಾಂಕೊಂದರಲ್ಲಿ ಹೆಡ್ ಕ್ಲರ್ಕು. ಹುಟ್ಟಿದ್ದು, ಓದಿದ್ದು, ಓದಿದ್ದನ್ನು ಮರೆತಿದ್ದು ಎಲ್ಲವೂ ಇಲ್ಲಿಯೇ. ಅವನ ಬದುಕಿನಲ್ಲಿ ಇದ್ದದ್ದು ಒಂದೇ ಕೊರತೆ. ಅದರ ಹೆಸರು ಭೀಮಸೇನ ರಾಯರು.

ಭೀಮಸೇನ ರಾಯರು ಶೀನಣ್ಣನ ಅಕ್ಕ ಜಾನಕಮ್ಮನ ಯಜಮಾನರು. ಊರು ಹೊಸಪೇಟೆ. ಹಂಪಿಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವುದನ್ನು ಅವರು ಹಂಪಿಯನ್ನೇ ಕಟ್ಟಿಸಿದ ಗತ್ತಿನಲ್ಲಿ ಹೇಳುತ್ತಿದ್ದರು. ಯಾವುದನ್ನು ಕಂಡರೂ ಅವರ ಮೊದಲ ಪ್ರಶ್ನೆ "ಎಷ್ಟು ಅಡಿ?" ಎಂದು. ತಮ್ಮ ಮದುವೆಯಲ್ಲಿ ತಾಳಿ ಕಟ್ಟುವುದಕ್ಕೆ ಮುಂಚೆ ಛತ್ರ ಎಷ್ಟು ಅಡಿ ಎಂದು ಕೇಳಿ ಪುರೋಹಿತರ ಮಂತ್ರ ತಪ್ಪಿಸಿದವರು. ಆ ಮದುವೆಯಿಂದ ಈವರೆಗೆ ಭಾವನ ಬಾಯಿಂದ ಒಂದೇ ಒಂದು ಸಲ "ಭಲೆ" ಅನ್ನಿಸಿಕೊಳ್ಳಬೇಕೆಂದು ಶೀನಣ್ಣ ಕಾದಿದ್ದ. ಸಿಕ್ಕಿದ್ದು ಬರೀ "ಬಿಡಪಾ".

ಒಂದು ದಿನ ಫೋನು ಬಂತು.

"ಏನಪಾ ಶೀನ, ನಾನೂ ನಿಮ್ಮಕ್ಕನೂ ಶನಿವಾರದ ಗಾಡಿಗೆ ಹೊಂಟೀವಿ. ಭಾನುವಾರ ನಿಮ್ಮೂರು ತೋರಸು. ಅಂದ್ರ, ತೋರಸೋವಂಥಾದ್ದು ಏನರ ಇದ್ರ!"

"ನಮ್ಮೂರಲ್ಲಿ ಏನಿಲ್ಲ ಅಂತೀರಿ ಭಾವ?"

"ಟ್ರಾಫಿಕ್ ಅದ. ಅದನ್ನ ಹೋದ ಸಲಾನ ನೋಡೀನಿ."

"ಹಳೇ ಕಾಲದ್ದು ಬೇಕಾದಷ್ಟಿದೆ ಭಾವ!"

"ಬಿಡಪಾ. ನಮ್ಮ ಹಂಪ್ಯಾಗ ದನಾ ಎಡವೋ ಕಲ್ಲಿಗೂ ಐನೂರು ವರ್ಷದ ಇತಿಹಾಸ ಅದ. ನಿಮ್ಮಲ್ಲಿ ಮನಷ್ಯಾರು ಎಡವೋ ಕಲ್ಲು ಎಲ್ಲಾ ನಿನ್ನೆ ಫುಟ್‌ಪಾತ್ ಅಗದು ಹಾಕಿದ್ದು."

ಶೀನಣ್ಣನ ರಕ್ತ ಕುದಿಯಿತು. ಕುದಿಯುವ ರಕ್ತದಲ್ಲಿ ನಾಲಿಗೆ ಬೇಗ ಬೇಯುತ್ತದೆ. "ಚಾಮರಾಜಪೇಟೆಯಲ್ಲಿ ಒಂದು ಮಂಟಪ ಇದೆ ಭಾವ. ಪಾಳು ಬಿದ್ದಿದೆ, ಆದ್ರೆ ನಿಮ್ಮ ಹಂಪಿಗಿಂತ ಹಳೇದು. ಅದರ ಒಂದೊಂದು ಕಲ್ಲೂ ನನಗೆ ಗೊತ್ತು!" ಎಂದುಬಿಟ್ಟ.

ಫೋನಿಟ್ಟ ಮೇಲೆ ಹೆಂಡತಿ ವೈಜಯಂತಿ ಕೇಳಿದಳು. "ಆ ಮಂಟಪ ನೀವು ಯಾವಾಗ್ರೀ ನೋಡಿದ್ದು?"

"ನೋಡೋದೇನು ಬಂತು, ಗೊತ್ತು."

"ನಿಮ್ಮ ತಲೆ ಒಳಗೆ ಬುದ್ಧಿ ಇದೆ ಅಂತ ನನಗೂ ಹಂಗೇ ಗೊತ್ತು. ನೋಡಿಲ್ಲ."

ಆದ್ದರಿಂದ ಶನಿವಾರ ಮಧ್ಯಾಹ್ನ ಬ್ಯಾಂಕಿನಿಂದ ಬೇಗ ಹೊರಟ ಶೀನಣ್ಣ, ತನ್ನ ಊರಿನ ತನ್ನ ಮಂಟಪವನ್ನು ಇಬ್ಬರನ್ನು ದಾರಿ ಕೇಳಿಕೊಂಡು ಪತ್ತೆ ಮಾಡಿದ. ಭಾವ ಅಡಿ ಕೇಳುವುದು ಖಂಡಿತವಾದ್ದರಿಂದ ಅಳತೆಯ ಟೇಪು ತಂದಿದ್ದ. ಎಲ್ಲೆಲ್ಲಿ ನಿಂತು ಏನೇನು ಹೇಳಬೇಕೆಂಬುದು ಮರೆಯದಂತೆ ಗುರುತು ಹಾಕಲು ಕೆಂಪು ಸೀಮೆಸುಣ್ಣ ತಂದಿದ್ದ. ಸ್ಕೂಟರಿನ ಮೇಲಿಟ್ಟ ಹಿಂದಿನ ಹೆಲ್ಮೆಟ್ಟು ಕಳುವಾಗಿದ್ದರಿಂದ ಈ ಹಳದಿ ಹೆಲ್ಮೆಟ್ಟನ್ನು ತಲೆಯಿಂದ ತೆಗೆಯದೆ ಓಡಾಡುವುದು ಅವನ ಪದ್ಧತಿ.

ಹಳದಿ ಹೆಲ್ಮೆಟ್ಟು, ಟೇಪು, ಕೆಂಪು ಗುರುತು. ಬೇರೆ ಊರಿನಲ್ಲಾದರೆ ಇದನ್ನು ಹುಚ್ಚು ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಮೆಟ್ರೋ ಎನ್ನುತ್ತಾರೆ.

ಮಂಟಪದ ಬೀದಿ ಎರಡು ಆಟೋ ಎದುರುಬದುರಾದರೆ ಒಂದು ಆಟೋ ಸಂಸಾರ ಸಮೇತ ಹಿಂದೆ ಹೋಗಬೇಕಾದ ಬೀದಿ. ಅದರ ಕೊನೆಯಲ್ಲಿ ನಾಲ್ಕು ಕಂಬ, ಅರ್ಧ ಮಾಳಿಗೆ, ಒಂದು ಕಡೆ ವಾಲಿದ ವೀರಗಲ್ಲು. ಅದಕ್ಕೆ ಬೆನ್ನು ಕೊಟ್ಟಂತೆ ವಿಶಾಲಮ್ಮನ ಪುಟ್ಟ ಮನೆ. ಮುಂಗೋಣೆಯಲ್ಲಿ ಒಲೆ ಹಚ್ಚಿ ಒಬ್ಬಟ್ಟು ತಟ್ಟಿ ಮಾರುತ್ತಿದ್ದ ವಿಶಾಲಮ್ಮನ ಬದುಕು ಆ ಹೆಂಚಿನ ಮೇಲೆಯೇ ಅರಳುತ್ತಿತ್ತು.

ಶೀನಣ್ಣ ಬೀದಿಯ ಮೊದಲಿನಿಂದ ಕೆಲಸ ಶುರು ಮಾಡಿದ. ಟೇಪು ಎಳೆದ, ಗೊಣಗಿದ, ಗೋಡೆಯ ಮೇಲೆ ಮಂಟಪದ ಕಡೆಗೆ ಒಂದು ಕೆಂಪು ಬಾಣ ಬರೆದ. ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ಬಾಣ. ಮೂರನೆಯ ಬಾಣ ಮಾಯಣ್ಣನ ಹೊಸ ಕಾಂಪೌಂಡಿನ ಮೇಲೆ ಬಿತ್ತು. ಮಾಯಣ್ಣ ಸೈಟು ಮನೆಗಳ ವ್ಯಾಪಾರದವನು. ಬಾಣ ಗೋಡೆಗೆ ಬಿದ್ದರೂ ನೋವು ಅವನಿಗಾಯಿತು. ಓಡಿ ಬಂದ.

"ಸಾರ್, ನಮಸ್ಕಾರ. ಸರ್ವೇನಾ ಸಾರ್?"

"ಒಂಥರಾ ಸರ್ವೇನೇ."

"ಎಲ್ಲಿಂದ ಎಲ್ಲೀವರ್ಗೂ ಸಾರ್?"

"ಆ ತುದಿಯಿಂದ ಈ ಮಂಟಪದವರೆಗೂ. ಎಡಗಡೆ ಬಲಗಡೆ ಎರಡೂ ಬಿಡಂಗಿಲ್ಲ."

"ಎರಡೂ ಕಡೇನಾ!"

"ಬಿಟ್ರೆ ನಾಳೆ ಬರೋ ದೊಡ್ಡವರು ಸುಮ್ನಿರ್ತಾರಾ? ಇಂಚಿಂಚೂ ಕೇಳ್ತಾರೆ."

"ನಾಳೇನೇ! ಭಾನುವಾರ ಸಾರ್!"

"ಅವರಿಗೆ ಭಾನುವಾರವೇ ಅನುಕೂಲ. ಹೊಸಪೇಟೆಯಿಂದ ಬರ್ತಿದಾರೆ."

ಹೊಸಪೇಟೆ ಎಂದ ಕೂಡಲೇ ಮಾಯಣ್ಣನ ಕಣ್ಣೆದುರು ಗಣಿ, ಲಾರಿ, ಜೆಸಿಬಿ ಸಾಲಾಗಿ ಬಂದು ನಿಂತು ಹಾರ್ನ್ ಹೊಡೆದವು.

ಶೀನಣ್ಣ ವಿಶಾಲಮ್ಮನ ಗೋಡೆಗೆ ಬಂದ. ಭಾಷಣದ ಮುಖ್ಯ ಭಾಗ ಇಲ್ಲಿ ಹೇಳುವುದೆಂದು ನಿರ್ಧರಿಸಿದ್ದರಿಂದ ದೊಡ್ಡದೊಂದು ಬಾಣ ಬರೆದು, ಅದರ ಕೆಳಗೆ ಅಡ್ಡಡ್ಡ ಗೀಟೆಳೆದ. ಬಾಣ ಎಂದರೆ ಅತ್ತ ಕೈ ತೋರಿಸುವುದು. ಗೀಟು ಎಂದರೆ ನಿಂತು ಕೆಮ್ಮುವುದು. ಸೌಟು ಹಿಡಿದೇ ಹೊರಬಂದ ವಿಶಾಲಮ್ಮನಿಗೆ ಇದು ತಿಳಿಯುವುದು ಹೇಗೆ?

"ಯಾಕ್ ಸ್ವಾಮಿ ನಮ್ ಗೋಡೇಗೆ ಇಷ್ಟು ದೊಡ್ಡದು?"

"ಮುಖ್ಯವಾದ ಕೆಲಸ ಇಲ್ಲೇ ಅಮ್ಮಾ. ಮಿಕ್ಕಿದ್ದೆಲ್ಲ ಬರೀ ಪೀಠಿಕೆ."

"ಅಯ್ಯೋ ಶಿವನೇ! ಎಷ್ಟು ದಿವಸ ಹಿಡಿಯತ್ತೆ?"

"ದಿವಸಾನಾ? ನನ್ನ ಕೈಗೆ ಬಿಟ್ರೆ ಅರ್ಧ ಗಂಟೇಲಿ ಮುಗಿಸ್ಬಿಡ್ತೀನಿ. ನೀವು ಇಲ್ಲೇ ನಿಂತು ನೋಡ್ಬಹುದು."

ವಿಶಾಲಮ್ಮ ಒಮ್ಮೆ ಬಾಣವನ್ನು, ಒಮ್ಮೆ ತನ್ನ ಒಲೆಯನ್ನು ನೋಡಿದಳು. ಆದರೂ ಮನೆ ಬಾಗಿಲಿಗೆ ಬಂದವರು ಎಂದು ಬಾಳೆಲೆಯಲ್ಲಿ ಬಿಸಿ ಒಬ್ಬಟ್ಟಿಟ್ಟು, ತುಪ್ಪ ಸುರಿದು ಕೊಟ್ಟಳು. ಶೀನಣ್ಣ ಕಣ್ಣು ಮುಚ್ಚಿಕೊಂಡು ತಿಂದ, ಇನ್ನೊಂದನ್ನೂ ತಿಂದ, ಕೈ ಒರೆಸಿಕೊಂಡು ಬಾಣವನ್ನು ಇನ್ನಷ್ಟು ದಪ್ಪ ಮಾಡಿದ. ಬೀದಿಗೆ ಬೀದಿಯೇ ತಲ್ಲಣಿಸಿತು. ತಿನ್ನದ ಅಧಿಕಾರಿಗಳನ್ನು ಅವರು ಕೇಳಿ ಬಲ್ಲರು. ತಿಂದು ಕೆಲಸ ಮಾಡಿಕೊಡುವವರನ್ನು ಕಂಡು ಬಲ್ಲರು. ತಿಂದೂ ಕರಗದವನನ್ನು ಕಂಡದ್ದು ಇದೇ ಮೊದಲು.

ಶೀನಣ್ಣನ ಸ್ಕೂಟರು ತಿರುವು ದಾಟಿದ್ದೇ ತಡ, ಬೀದಿಯ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. ಮಂಟಪದ ಕೆಳಗೆ ಸುರಂಗ ಎಂದರು. ಸುರಂಗವಲ್ಲ, ಸ್ಟೇಷನ್ನು ಎಂದರು. ಇಸ್ತ್ರಿ ಅಂಗಡಿಯವನು ತನ್ನ ಗೋಡೆಯ ಬಾಣವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಷ್ಟೇ ಅಳತೆಯ ಬಾಣವನ್ನು ಎದುರುಮನೆಯ ಗೋಡೆಗೆ ಬರೆದ. ಎದುರುಮನೆಯವರು ಅದನ್ನು ಪಕ್ಕದ ಮನೆಗೆ ಸಾಗಿಸಿದರು. ಮಾಯಣ್ಣ ತನ್ನದನ್ನು ಒಂದು ಲೈಟು ಕಂಬದತ್ತ ತಿರುಗಿಸಿದ. ಸಂಜೆಯಾಗುವುದರೊಳಗೆ ಶೀನಣ್ಣನ ಬಾಣಗಳು ಮಹಾಭಾರತದ ಬಾಣಗಳಂತೆ ಒಂದು ಹತ್ತಾಗಿ ಎಲ್ಲ ದಿಕ್ಕಿಗೂ ಹೋಗಿದ್ದವು. ವಿಶಾಲಮ್ಮನಿಗೆ ಮಾತ್ರ ಇನ್ನೊಬ್ಬರ ಗೋಡೆಗೆ ಗೀಚುವ ಮನಸ್ಸು ಬರಲಿಲ್ಲ. ಅವಳ ಬಾಣ ಇದ್ದಲ್ಲಿಯೇ ಉಳಿಯಿತು.

ಭಾನುವಾರ ಬೆಳಿಗ್ಗೆ ಮೊದಲು ದೊಡ್ಡ ಬಸವಣ್ಣನ ದರ್ಶನವಾಯಿತು. ರಾಯರು ಬಸವಣ್ಣನನ್ನು ಕೊಂಬಿನಿಂದ ಬಾಲದವರೆಗೆ ನೋಡಿದರು.

"ಅಡ್ಡಿ ಇಲ್ಲ. ಆದ್ರ ನಮ್ಮ ಹಂಪಿ ನರಸಿಂಹ ಎದ್ದು ನಿಂತ್ರ ಇದು ಅವನ ಮೊಣಕಾಲಿಗೆ ಬರ್ತದ."

"ಅವನು ಎದ್ದು ನಿಲ್ಲಲ್ವಲ್ಲ ಭಾವ?"

"ನಿಂತ್ರ ಅಂದೆ."

ಜಾನಕಮ್ಮ ವೈಜಯಂತಿಯ ಕಿವಿಯಲ್ಲಿ, "ಮನ್ಯಾಗ ನೀರು ಬೇಕಂದ್ರೂ ಇವರು ಎದ್ದು ನಿಲ್ಲೂದಿಲ್ಲ. ನರಸಿಂಹನ್ನ ನಿಲ್ಲಸ್ಲಿಕ್ಕೆ ಹೊಂಟಾರ" ಎಂದಳು.

ಮಂಟಪದ ಬೀದಿಗೆ ಬಂದಾಗ ಅಲ್ಲಿ ಕಿಟಕಿಗೊಂದು ಮುಖ, ಬಾಗಿಲಿಗೆರಡು ಮುಖ. ಇವತ್ತೂ ಹಳದಿ ಹೆಲ್ಮೆಟ್ಟು ಹೊತ್ತೇ ಬಂದಿದ್ದ ಶೀನಣ್ಣ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಇಡೀ ಭಾಷಣ ಗಂಟಲಿನವರೆಗೂ ಬಂದು ನಿಂತಿತ್ತು. ಮೊದಲ ಬಾಣ ಕಂಡಿತು. ಅದು ನಿನ್ನೆ ತಾನು ಬರೆದ ದಿಕ್ಕಿಗೆ ಇರಲಿಲ್ಲ ಎಂಬ ಸಣ್ಣ ಅನುಮಾನ ಬಂದರೂ, ಬಾಣ ಸುಳ್ಳು ಹೇಳುತ್ತದೆಯೇ ಎಂದು ಅತ್ತ ಕೈ ಚಾಚಿ, ಟೇಪಿನ ರೀಲನ್ನೂ ಬಾಯಿಯ ರೀಲನ್ನೂ ಒಟ್ಟಿಗೆ ಬಿಟ್ಟ.

"ಭಾವ, ನಿಮ್ಮೆದುರಿಗೆ ಕಾಣ್ತಿರೋ ಕಂಬ ನೋಡಿ. ಚೋಳರ ಕಾಲದ್ದು. ಒಂದೇ ಕಲ್ಲಲ್ಲಿ ಕಡೆದದ್ದು!"

ರಾಯರು ಕನ್ನಡಕ ಏರಿಸಿ ಲೈಟು ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಬಲ್ಬೂ ಚೋಳರದೇ ಏನು?"

ಶೀನಣ್ಣ ತಬ್ಬಿಬ್ಬಾದ. ಕಂಠಪಾಠ ಮಾಡಿದವನಿಗೆ ನಿಂತರೆ ಮರೆತುಹೋಗುತ್ತದೆ. ಆದ್ದರಿಂದ ಮುಂದಿನ ಬಾಣಕ್ಕೆ ಓಡಿದ. "ಇದು ವೀರಗಲ್ಲು! ಊರಿಗಾಗಿ ಹೋರಾಡಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ್ದು!"

ಬಾಣದ ತುದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೊಂದು ಹಿಂಡಿದ ಪಂಚೆ.

"ಪಾಪ," ಎಂದಳು ಜಾನಕಮ್ಮ, "ಪಂಚಿ ಇನ್ನೂ ಒಣಗಿಲ್ಲ."

ಇನ್ನು ಭಾವನ "ಬಿಡಪಾ" ಬಂದೇ ಬಿಟ್ಟಿತು ಎಂದು ಶೀನಣ್ಣ ಕಣ್ಣು ಮುಚ್ಚಿದ. ಬಂದದ್ದು ಚಪ್ಪಾಳೆ. ಮಾಯಣ್ಣನ ನೇತೃತ್ವದಲ್ಲಿ ಇಡೀ ಬೀದಿ ಹೂವಿನ ಹಾರ, ಎಳನೀರು ಹಿಡಿದು ಮುತ್ತಿತು. ಹಾರ ಮೊದಲು ಶೀನಣ್ಣನ ಕೊರಳಿಗೆ, ಇನ್ನೂ ದಪ್ಪದ್ದು ರಾಯರ ಕೊರಳಿಗೆ.

"ಹೊಸಪೇಟೆ ಸಾಹೇಬ್ರಿಗೆ ಸ್ವಾಗತ! ಸಾರ್, ತಾವೊಂದು ಮಾತು ಅಂದ್ರೆ ಸಾಕು, ಲೈನು ಆ ಕಡೆಗೆ ಸರಿಯತ್ತೆ" ಎಂದ ಮಾಯಣ್ಣ.

"ಯಾಕ್ರೀ ನಮ್ ಕಡೆಗೆ ಸರೀಬೇಕು? ನಿಮ್ ಕಾಂಪೌಂಡೇ ಫುಟ್‌ಪಾತ್ ಮೇಲಿದೆ!" ಎಂದರು ಎದುರುಮನೆಯವರು.

ರಾಯರಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಹಾರ ಅರ್ಥವಾಯಿತು. ಗಂಭೀರವಾಗಿ ಮಂಟಪದ ಕಡೆ ತಿರುಗಿ ತಮ್ಮ ಶಾಶ್ವತ ಪ್ರಶ್ನೆ ಕೇಳಿದರು. "ಎಷ್ಟು ಅಡಿ ಅದ?"

ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಇದೇನು ಮಹಾ," ಎಂದರು ರಾಯರು. "ನಮ್ಮ ಕಡೆ ಇಂಥಾವಕ್ಕ ಎಮ್ಮಿ ಕಟ್ತಾರ. ಬಿದ್ರೂ ಏನೂ ಲುಕ್ಸಾನಿಲ್ಲ."

"ಅಯ್ಯಯ್ಯೋ, ಆರ್ಡರ್ ಆಗೋಯ್ತು!" ಎಂದು ಇಸ್ತ್ರಿಯವನು ತಲೆಯ ಮೇಲೆ ಕೈ ಹೊತ್ತು ಕುಳಿತ.

ರಾಯರು ಜನರನ್ನು ನೋಡಿದರು, ಹಾರ ನೋಡಿದರು, ಶೀನಣ್ಣನ ಕಾಲಿಗೆ ಬೀಳಲು ಬರುತ್ತಿದ್ದ ಇಬ್ಬರನ್ನು ನೋಡಿದರು. ಅವರ ಮುಖದಲ್ಲಿ ಎಂದೂ ಮೂಡದ ಒಂದು ಕಳೆ ಮೂಡಿತು. "ಏನಪಾ ಶೀನ... ಅಲ್ಲಲ್ಲ, ಶ್ರೀನಿವಾಸ ರಾವ್! ಇಷ್ಟು ದೊಡ್ಡ ಮನಷ್ಯಾರಾಗೀರಿ, ನಮಗೊಂದು ಮಾತು ಹೇಳಿಲ್ಲಲ್ಲ! ಭಲೆ! ಭಲೆ!"

ಒಂದಲ್ಲ, ಎರಡು. ಶೀನಣ್ಣನ ಕಾಲು ನೆಲ ಬಿಟ್ಟಿತು. ತಾನು ಯಾವ ರೀತಿಯಲ್ಲಿ ದೊಡ್ಡ ಮನುಷ್ಯನಾದೆನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅವಸರವೂ ಇರಲಿಲ್ಲ.

ಆಗಲೇ ವಿಶಾಲಮ್ಮನ ಮನೆಯಿಂದ ಒಬ್ಬಟ್ಟಿನ ಹೆಂಚು ಹೊರಬಂತು. ಹಿಂದೆ ಒಲೆ, ಲಟ್ಟಣಿಗೆ, ಬೇಳೆಯ ಡಬ್ಬ. ಎಲ್ಲವೂ ಬಾಗಿಲಲ್ಲಿ ನಿಂತ ಟೆಂಪೋ ಏರಿದವು. ಮಾಯಣ್ಣ ಒಂದು ಕಾಗದ, ಪೆನ್ನು ಹಿಡಿದು ಅವಳ ಬಳಿ ಹೋದ.

"ವಿಶಾಲಮ್ಮಾ, ಪರಿಹಾರಕ್ಕೆ ಅಂತ ಆಫೀಸು ಆಫೀಸು ಅಲೆಯಕ್ಕೆ ನಿಮ್ ಕೈಲಾಗಲ್ಲ. ಮನೆ ನಂಗೆ ಬರ್ಕೊಟ್ಬಿಡಿ, ಮುಂದಿಂದು ನಾನ್ ನೋಡ್ಕೋತೀನಿ. ಸಾಹೇಬ್ರು ಎದುರ್ಗೇ ಇದಾರೆ, ಹಾಕಿ ಸೈನು."

ವಿಶಾಲಮ್ಮ ಪೆನ್ನು ತೆಗೆದುಕೊಂಡಳು. ಶೀನಣ್ಣನ ಕಡೆ ತಿರುಗಿ, ಸಿಟ್ಟಿಲ್ಲದೆ ಕೇಳಿದಳು. "ನಿನ್ನೆ ತಿಂದ್ರಲ್ಲ ಸ್ವಾಮಿ, ಒಬ್ಬಟ್ಟು ಚೆನ್ನಾಗಿತ್ತಾ? ಈ ಮನೇಲಿ ಅದೇ ಕೊನೇದು."

ನಿನ್ನೆಯ ಒಬ್ಬಟ್ಟು ಶೀನಣ್ಣನ ಹೊಟ್ಟೆಯಲ್ಲಿ ಎದ್ದು ಕುಳಿತು ಅವನನ್ನೇ ನೋಡಿತು. ಹಳದಿ ಹೆಲ್ಮೆಟ್ಟು, ಬಾಣ, ಹಾರ, ಟೆಂಪೋ ಎಲ್ಲವೂ ಒಂದೇ ಏಟಿಗೆ ಅರ್ಥವಾದವು. ಒಂದು ಕಡೆ ಭಾವನ ಎರಡು "ಭಲೆ". ಇನ್ನೊಂದು ಕಡೆ ಪೆನ್ನಿನ ಮೊನೆ.

"ಸೈನ್ ಹಾಕ್ಬೇಡೀ!" ಎಂದು ಕಿರುಚಿದ. "ನಾನು ಮೆಟ್ರೋದವನಲ್ಲ! ಸರ್ವೇನೂ ಅಲ್ಲ, ಗಿರ್ವೇನೂ ಅಲ್ಲ! ನಾನು ಬ್ಯಾಂಕ್ ಕ್ಲರ್ಕು! ಇವರು ನಮ್ಮ ಭಾವ! ಊರು ತೋರ್ಸಕ್ಕೆ ಕರ್ಕೊಂಡ್ಬಂದೆ ಅಷ್ಟೇ!"

ಬೀದಿ ಮೆಚ್ಚುಗೆಯಿಂದ ತಲೆಯಾಡಿಸಿತು.

"ನೋಡಿ, ಎಷ್ಟು ನೀಟಾಗಿ ಹೇಳ್ತಾರೆ," ಎಂದ ಮಾಯಣ್ಣ. "ನಮ್ಮತ್ತೆ ಮನೆ ಹತ್ರ ಫ್ಲೈಓವರ್ ಬರೋ ಮುಂಚೆ ಬಂದೋರೂ ಹಿಂಗೇ ಅಂದ್ರು. ಸುಮ್ನೆ ವಾಕಿಂಗ್ ಬಂದಿದೀವಿ ಅಂತ."

ಇದು ನಗರದ ಅನುಭವ. ಅಧಿಕಾರಿ ಇಲ್ಲ ಎಂದರೆ ಇದೆ. ನೋಡೋಣ ಎಂದರೆ ಇಲ್ಲ. ಆಗುತ್ತೆ ಎಂದರೆ ಮೊಮ್ಮಕ್ಕಳ ಕಾಲಕ್ಕೆ. ಶೀನಣ್ಣ ಬ್ಯಾಂಕಿನ ಗುರುತಿನ ಚೀಟಿ ತೋರಿಸಿದ. "ಇಂಥವು ಎಷ್ಟು ಬೇಕಾದ್ರೂ ಮಾಡಿಸ್ಬಹುದು ಸಾರ್" ಎಂದರು. ವೈಜಯಂತಿ ಮುಂದೆ ಬಂದಳು. "ಇವರು ಅಧಿಕಾರಿನಾ? ಮನೇಲಿ ಟಿವಿ ರಿಮೋಟೂ ಇವರ ಕೈಲಿಲ್ಲ!" ಎಂದಳು. "ಅಮ್ಮಾವ್ರಿಗೂ ಒಳ್ಳೇ ಟ್ರೈನಿಂಗ್ ಆಗಿದೆ" ಎಂದರು. ವಿಶಾಲಮ್ಮ ಕಾಗದವನ್ನು ಟೆಂಪೋದ ಮೇಲಿಟ್ಟು, ಸೈನು ಎಲ್ಲಿಗೆ ಎಂದು ಹುಡುಕತೊಡಗಿದಳು.

ಇಡೀ ಭೂಮಿಯ ಮೇಲೆ ಶೀನಣ್ಣ ಯಾರೂ ಅಲ್ಲವೆಂದು ಸಾಕ್ಷಿಸಮೇತ ರುಜುವಾತು ಮಾಡಬಲ್ಲವರು ಒಬ್ಬರೇ ಇದ್ದರು. ಅವರು ಹಾರ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದರು.

"ಭಾವ! ನನ್ನ ಬಗ್ಗೆ ಗೊತ್ತಿರೋದೆಲ್ಲ ಇವರಿಗೆ ಹೇಳಿ!"

"ಛೇ ಛೇ, ಎಲ್ಲರ ಎದುರಿಗೆ ದೊಡ್ಡ ಮನಷ್ಯಾರನ್ನ..."

"ದೊಡ್ಡೋನಲ್ಲ ಭಾವ! ಈ ಮಂಟಪ ನಾನು ಮೊದಲ್ನೇ ಸಲ ನೋಡಿದ್ದೇ ನಿನ್ನೆ!"

ರಾಯರು ಎಳನೀರಿನ ಕೊಳವೆಯಿಂದ ಬಾಯಿ ತೆಗೆದರು. "ನಿನ್ನೆ? ಒಂದೊಂದು ಕಲ್ಲೂ ಗೊತ್ತು ಅಂದಿದ್ದು?"

"ರೀಲು."

"ಹಂಪಿಗಿಂತ ಹಳೇದು ಅಂದಿದ್ದು?"

"ಅದೂ ರೀಲು ಭಾವ."

ರಾಯರ ಮುಖದ ಮೇಲೆ ಸೂರ್ಯೋದಯವಾಯಿತು. ಹಾರ ತೆಗೆದು ಜಾನಕಮ್ಮನ ಕೈಗೆ ಕೊಟ್ಟು, ಮಂಟಪದ ಕಟ್ಟೆ ಹತ್ತಿ ನಿಂತರು. ಜೀವಮಾನದ ಸರಕು ಅವರ ಬಳಿ ಇತ್ತು; ಇಂಥ ಸಭೆ ಸಿಕ್ಕಿರಲಿಲ್ಲ.

"ಕೇಳ್ರೆಪಾ! ನನ್ನ ಮದುವ್ಯಾಗ ಇವನು ಬೀಗರನ್ನ ಎದುರುಗೊಳ್ಳಲಿಕ್ಕೆ ಹೋಗಿ, ಪಕ್ಕದ ಛತ್ರದ ದಿಬ್ಬಣದ ಜೊತಿ ಒಳಗ ಹೋದ. ಅಲ್ಲೇ ಪಂಕ್ತಿಗೆ ಸಾರು ಬಡಿಸ್ಕೋತ ಇದ್ದ. ಮದುಮಗ ಬದಲಾಗ್ಯಾನ ಅಂತ ಇವನಿಗೆ ಗೊತ್ತಾಗಿದ್ದು ಮಜ್ಜಿಗಿ ಬಡಿಸೋವಾಗ!"

ಜನ ಮುಸಿಮುಸಿ ನಕ್ಕರು. ವಿಶಾಲಮ್ಮ ಪೆನ್ನು ನಿಲ್ಲಿಸಿದಳು.

"ಹೊಸಪೇಟಿಗೆ ಬರ್ತೀನಿ ಅಂತ ಗಾಡಿ ಹತ್ತಿ, ನಿದ್ದಿ ಹೋಗಿ ಹುಬ್ಬಳ್ಳಿಯೊಳಗ ಇಳದು, ನನಗ ಫೋನ್ ಮಾಡಿ ಕೇಳ್ಯಾನ, ಭಾವ, ನಿಮ್ಮ ಮನಿ ಎಲ್ಲಿ ಹೋತು ಅಂತ!"

"ಹೌದು! ಹೌದು!" ಎಂದು ಶೀನಣ್ಣ ಉತ್ಸಾಹದಿಂದ ಕೈಯೆತ್ತಿದ. "ಮನೆ ಅಲ್ಲೇ ಇತ್ತು, ನಾನೇ ಮುಂದೆ ಹೋಗಿದ್ದೆ!"

"ತನ್ನ ಬ್ಯಾಂಕಿನ ಬಾಗಲಕ್ಕ ತಾನ ಗಿರಾಕಿಯಂಗ ಒಬ್ಬನ ಸಾಲು ನಿಂತಿದ್ದ!"

"ರಜಾ ದಿನ ಅಂತಾನೂ ಹೇಳಿ ಭಾವ! ಬ್ಯಾಂಕು ತೆಗ್ದಿರ್ಲಿಲ್ಲ!"

"ಮತ್ತ ಆ ಕುಕ್ಕರ್..."

"ಕುಕ್ಕರ್ ಕಥೆ ನಾನ್ ಹೇಳ್ತೀನಿ" ಎಂದು ವೈಜಯಂತಿಯೂ ಕಟ್ಟೆ ಹತ್ತಿದಳು. "ಮೂರು ಸೀಟಿ ಆದ್ಮೇಲೆ ಆಫ್ ಮಾಡಿ ಅಂದೆ. ಇವರು ಪಕ್ಕದ ಮನೆ ಕುಕ್ಕರ್ ಸೀಟಿ ಎಣಿಸ್ಕೊಂಡು ಕೂತಿದ್ರು!"

ಬೀದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಇಸ್ತ್ರಿಯವನು ಕಣ್ಣೊರೆಸಿಕೊಂಡು, "ಇಲ್ಲ ಗುರು, ಇವ್ರ ಕೈಗೆ ಯಾವ ಸರ್ಕಾರಾನೂ ಸುರಂಗ ಕೊಡಲ್ಲ" ಎಂದು ತೀರ್ಪು ಕೊಟ್ಟ. ಎದುರುಮನೆಯವರು ಒಪ್ಪಿದರು. ಮಾಯಣ್ಣ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ನಂಗೆ ನಿನ್ನೇನೇ ಡೌಟಿತ್ತು" ಎಂದು ಮೆಲ್ಲನೆ ಮನೆಯ ಕಡೆ ಸರಿದ.

ವಿಶಾಲಮ್ಮ ಮಾತ್ರ ನಗಲಿಲ್ಲ. ಶೀನಣ್ಣನ ಎದುರಿಗೆ ಬಂದು, ಅವನ ತಲೆಯಿಂದ ಹೆಲ್ಮೆಟ್ಟನ್ನು ತಾನೇ ತೆಗೆದು, ಒಳಗಿದ್ದ ಬೆವರಿದ ಬೋಳುತಲೆಯನ್ನು ಚೆನ್ನಾಗಿ ನೋಡಿದಳು.

"ಹಾಗಾದ್ರೆ ನೀನು ಯಾರೂ ಅಲ್ವೇನಪ್ಪಾ?"

"ಯಾರೂ ಅಲ್ಲಮ್ಮಾ."

"ನಿಜವಾಗ್ಲೂ?"

"ನಿಮ್ಮ ಒಬ್ಬಟ್ಟಿನಾಣೆ."

ಅವಳು ಎರಡೂ ಕೈಗಳಿಂದ ಅವನ ಕೆನ್ನೆ ನೀವಿ, ಲಟಿಕೆ ಮುರಿದಳು. "ದೇವರು ನಿನ್ನ ಯಾವಾಗ್ಲೂ ಹಿಂಗೇ ಇಟ್ಟಿರ್ಲಪ್ಪಾ!"

"ತಥಾಸ್ತು!" ಎಂದು ಕಟ್ಟೆಯ ಮೇಲಿಂದ ಭೀಮಸೇನ ರಾಯರು ಗಟ್ಟಿಯಾಗಿ ಕೂಗಿದರು.